ಮನೆ ತುಂಬ ನೆಂಟರು, ನಡುವೆ ಹಿರಿಜೀವ: ವಾರಾಂತ್ಯದ ಎರಡು ದಿನ ನಿಭಾಯಿಸುವ ಬಗೆ

ಮನೆಯಲ್ಲಿ ಇಬ್ಬರೇ ಇರುವ ದಿನ ಅಜ್ಜಿಯ ಮಧ್ಯಾಹ್ನದ ಮಾತ್ರೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಹದಿನೈದು ಜನ ಸೇರಿದ ದಿನ ತಪ್ಪುತ್ತದೆ. ಸೊಸೆ ಕೊಟ್ಟಿರುತ್ತಾಳೆಂದು ಮಗ, ಅಣ್ಣ ಕೊಟ್ಟಿರುತ್ತಾನೆಂದು ತಂಗಿ, ಹೀಗೆ ಒಬ್ಬರನ್ನೊಬ್ಬರು ನೆಚ್ಚಿಕೊಂಡೇ ಸಂಜೆಯಾಗಿರುತ್ತದೆ. ಇಲ್ಲವೇ ಇಬ್ಬರು ಒಬ್ಬರಿಗೊಬ್ಬರು ಹೇಳದೆ ಎರಡು ಸಲ ಕೊಟ್ಟಿರುತ್ತಾರೆ. ಬಚ್ಚಲಲ್ಲಿ ಜಾರುವುದು, ಇಡೀ ದಿನ ನೀರು ಕುಡಿಯದೆ ಸುಸ್ತಾಗುವುದು, ಬಟ್ಟೆ ಒದ್ದೆಯಾದರೂ ಯಾರಿಗೂ ಹೇಳಲಾಗದೆ ನಗುನಗುತ್ತ ಕೂತಿರುವುದು, ಇವೆಲ್ಲ ನಡೆಯುವುದೂ ಜನ ತುಂಬಿದ ಮನೆಯಲ್ಲೇ. ಕೈಗಳು ಹೆಚ್ಚಾದಷ್ಟೂ ಹೊಣೆ ತೆಳುವಾಗುತ್ತದೆ. ಹಾಗಾಗಿ ಮುಂದೆ ಹೇಳುವ ಎಲ್ಲ ಕೆಲಸಗಳಿಗೂ ಆಧಾರ ಎರಡು ಮಾತು: ಯಾವ ಹೊತ್ತಿನಲ್ಲಿ ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಒಂದು ಹೆಸರಿರಬೇಕು, ಮತ್ತು ಹಿರಿಯರ ದಿನಚರಿಯ ಗಡಿಯಾರ ನೆಂಟರಿಗಾಗಿ ಕದಲಬಾರದು.

ಮೂರು ದಿನ ಮೊದಲು

ಮೊದಲು ಹಿರಿಯರನ್ನೇ ಕೇಳಿ. ಯಾರು ಬರುತ್ತಿದ್ದಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ತಿಳಿಸಿ. ಬೆಳಿಗ್ಗೆ ಎಲ್ಲರ ಜೊತೆ ಕೂರುವುದು ಸಲೀಸೋ, ಸಂಜೆಯೋ, ಯಾರನ್ನು ನೋಡುವ ಆಸೆ ಹೆಚ್ಚು, ಇದನ್ನು ಅವರ ಬಾಯಿಂದಲೇ ತಿಳಿಯಿರಿ. ಮರೆವಿನ ಕಾಯಿಲೆ ಇರುವವರಿಗೆ ಇಷ್ಟು ಮುಂಚೆ ಹೇಳಬೇಡಿ. ‘ಬಂದರಾ, ಬಂದರಾ’ ಎಂದು ಬಾಗಿಲು ನೋಡಿ ನೋಡಿಯೇ ಸೋತುಹೋಗುತ್ತಾರೆ. ಅವರಿಗೆ ಅದೇ ದಿನ ಬೆಳಿಗ್ಗೆ ಹೇಳಿದರೆ ಸಾಕು.

ಎರಡನೆಯದು ಔಷಧಿ. ಶನಿವಾರ, ಭಾನುವಾರ ಮಾತ್ರವಲ್ಲ, ಮಂಗಳವಾರದವರೆಗೆ ಸಾಲುವಷ್ಟು ಮಾತ್ರೆ ಇವೆಯೇ ಎಂದು ಒಂದೊಂದು ಪಟ್ಟಿಯನ್ನೂ ತೆಗೆದು ಎಣಿಸಿ. ವಾರದ ಏಳು ದಿನಕ್ಕೆ, ದಿನಕ್ಕೆ ನಾಲ್ಕು ಮನೆಗಳಿರುವ ಮಾತ್ರೆ ಡಬ್ಬಿ ಇದ್ದರೆ ಗದ್ದಲ ಶುರುವಾಗುವ ಮೊದಲೇ ತುಂಬಿ. ಒಬ್ಬರು ತುಂಬಬೇಕು, ಇನ್ನೊಬ್ಬರು ಚೀಟಿ ಹಿಡಿದು ಸರಿ ನೋಡಬೇಕು. ತುಂಬಿದ ಡಬ್ಬಿಯನ್ನು ಎತ್ತರದಲ್ಲಿಡಿ, ಸಾಧ್ಯವಾದರೆ ಬೀಗ ಹಾಕಿ. ಈ ಡಬ್ಬಿಗಳನ್ನು ಹಿರಿಯರ ಬೆರಳಿಗೆ ಸುಲಭವಾಗಲೆಂದೇ ಮಾಡಿರುತ್ತಾರೆ, ನಾಲ್ಕು ವರ್ಷದ ಮಗುವಿಗೂ ಅಷ್ಟೇ ಸುಲಭ. ನೆಂಟರ ಕೈಚೀಲದಲ್ಲಿರುವ ಮಾತ್ರೆಗಳಿಗೂ ಇದೇ ಮಾತು. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿದ್ದರೆ ಅದು ನಿಧಾನವಾಗಿ ಕರಗಬೇಕಾದ ಮಾತ್ರೆ. ನುಂಗಲು ಕಷ್ಟವೆಂದು ಯಾರೋ ಪುಡಿ ಮಾಡಿ ಕೊಟ್ಟರೆ ದಿನವಿಡೀ ಹರಿಯಬೇಕಾದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಅಂಥ ಮಾತ್ರೆಯ ಹೆಸರಿನ ಪಕ್ಕ ‘ಪುಡಿ ಮಾಡಬಾರದು’ ಎಂದು ಕೆಂಪು ಶಾಯಿಯಲ್ಲಿ ಬರೆದಿಡಿ.

ಮೂರನೆಯದು ಒಂದು ಹಾಳೆ, ಒಂದೇ. ಹೆಸರು, ವಯಸ್ಸು, ಇರುವ ಕಾಯಿಲೆಗಳು, ಯಾವ ಔಷಧಿ ಒಗ್ಗುವುದಿಲ್ಲ, ಈಗಿನ ಮಾತ್ರೆಗಳು ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಇಲ್ಲವೇ, ಡಾಕ್ಟರ ಮತ್ತು ಆಂಬುಲೆನ್ಸ್‌ನ ನಂಬರು, ಮನೆಯ ಪೂರ್ತಿ ವಿಳಾಸ. ಮನೆಯವರಿಗೆ ವಿಳಾಸ ಬಾಯಿಪಾಠ, ಆದರೆ ಗಾಬರಿಯಲ್ಲಿ ಫೋನ್ ಹಿಡಿಯುವವರು ನೆಂಟರೇ ಇರಬಹುದು. ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಫೋಟೊ ತೆಗೆದು ಎಲ್ಲರ ಫೋನಿಗೂ ಕಳಿಸಿ.

ಅದರ ಜೊತೆಗೇ ಒಂದು ಸಂದೇಶ ಹೋಗಲಿ: ನೆಗಡಿ, ಕೆಮ್ಮು, ಜ್ವರ, ವಾಂತಿಭೇದಿ ಇದ್ದವರು ಇನ್ನೊಮ್ಮೆ ಬನ್ನಿ. ಇದನ್ನು ಹೇಳಲು ಸಂಕೋಚ ಬೇಡ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದಲೇ ಅದನ್ನು ಹರಡಬಲ್ಲರು, ಆಮೇಲೆ ಐದರಿಂದ ಏಳು ದಿನದವರೆಗೂ ಹರಡುತ್ತಿರಬಹುದು. ವಯಸ್ಸಾದವರಲ್ಲಿ ಸೋಂಕು ಜೋರಾಗಿದ್ದರೂ ಜ್ವರ ಏರದೇ ಇರಬಹುದು. ಊಟ ಬೇಡ ಎನ್ನುವುದು, ಸುಮ್ಮನೆ ಮಂಕಾಗುವುದು, ಇದ್ದಕ್ಕಿದ್ದಂತೆ ಬೀಳುವುದು ಅಷ್ಟೇ ಅದರ ಗುರುತಾಗಿರಬಹುದು. ಆರೋಗ್ಯವಾಗಿರುವವರೂ ಬಂದ ತಕ್ಷಣ 20 ಸೆಕೆಂಡ್ ಸೋಪು ಹಾಕಿ ಕೈ ತೊಳೆದು ಆಮೇಲೆ ಮುಟ್ಟಲಿ.

ಮನೆಯ ಸಜ್ಜು

ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯನ್ನು ಒಮ್ಮೆ ನೀವೇ ರಾತ್ರಿ ಹೊತ್ತು ದೀಪ ಆರಿಸಿ ನಡೆದು ನೋಡಿ. ಎಲ್ಲೆಲ್ಲಿ ಕೈ ತಡಕಾಡುತ್ತದೋ ಅಲ್ಲೆಲ್ಲ ಒಂದು ಸಣ್ಣ ದೀಪ ಬೇಕು. ಆ ದಾರಿಯಲ್ಲಿ ಮೂರು ಅಡಿ ಅಗಲ ಸದಾ ಖಾಲಿ ಇರಬೇಕು. ನೆಂಟರು ಬಂದಾಗ ಅಲ್ಲಿಗೆ ಬಂದು ಬೀಳುವುದು ಇವು: ಚಪ್ಪಲಿ, ಪೆಟ್ಟಿಗೆ, ಫೋನ್ ಚಾರ್ಜರ್‌ನ ವೈರು, ಮಕ್ಕಳ ಆಟಿಕೆ, ಹೆಚ್ಚುವರಿ ಹಾಸಿಗೆ. ಸಾಮಾನಿಗೆಂದು ಒಂದೇ ಜಾಗ ಗೊತ್ತು ಮಾಡಿ. ಅಂಚು ಮಡಚಿಕೊಳ್ಳುವ ಮ್ಯಾಟ್‌ಗಳನ್ನು ಎರಡು ದಿನದ ಮಟ್ಟಿಗೆ ಸುತ್ತಿ ಅಟ್ಟಕ್ಕೆ ಹಾಕಿಬಿಡಿ.

ಬಚ್ಚಲು ಎಲ್ಲಕ್ಕಿಂತ ಅಪಾಯದ ಜಾಗ. ದಿನಾ ಇಬ್ಬರು ಸ್ನಾನ ಮಾಡುವಲ್ಲಿ ಹತ್ತು ಜನ ಮಾಡಿದರೆ ನೆಲ ಒಣಗುವುದೇ ಇಲ್ಲ. ಎರಡು ಬಚ್ಚಲಿದ್ದರೆ ಒಂದನ್ನು ಹಿರಿಯರಿಗೇ ಮೀಸಲಿಡಿ. ಒಂದೇ ಇದ್ದರೆ ನೀರು ಬಳಿಯುವ ವೈಪರ್, ಒಣಬಟ್ಟೆ ಎರಡನ್ನೂ ಬಾಗಿಲ ಹಿಂದೆ ನೇತುಹಾಕಿ, ಬಂದವರಿಗೆಲ್ಲ ಒರೆಸಿ ಬರಲು ಹೇಳಿ. ಹಿರಿಯರ ಸ್ನಾನ ಎಲ್ಲರಿಗಿಂತ ಮೊದಲು ಮುಗಿಯಲಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಲೇಬೇಕು: ಹಿರಿಯರ ಕೋಣೆಯನ್ನು ನೆಂಟರಿಗೆ ಬಿಟ್ಟುಕೊಡಬೇಡಿ. ‘ನನಗೇನು, ಹಾಲಿನಲ್ಲಿ ಮಲಗ್ತೀನಿ’ ಎಂದು ಅವರೇ ಹೇಳುತ್ತಾರೆ, ಒಪ್ಪಬೇಡಿ. ವರ್ಷಗಟ್ಟಲೆ ಹಾಸಿಗೆಯ ಎಡಕ್ಕೆ ಇಳಿದು ನಾಲ್ಕು ಹೆಜ್ಜೆಗೆ ಬಾಗಿಲು ಮುಟ್ಟಿದ ಕಾಲು, ರಾತ್ರಿ ಎರಡು ಗಂಟೆಗೆ ಅರೆನಿದ್ದೆಯಲ್ಲಿ ಮತ್ತೆ ಎಡಕ್ಕೇ ಇಳಿಯುತ್ತದೆ. ಹೊಸ ಜಾಗದಲ್ಲಿ ಎಡಕ್ಕೆ ಗೋಡೆಯೋ ಟೀಪಾಯಿಯೋ ಇರುತ್ತದೆ.

ಕೂರುವ ಜಾಗ

ಎಲ್ಲರೂ ಪ್ರೀತಿಯಿಂದ ಸೋಫಾದ ಮೇಲೆ ಕೂರಿಸುತ್ತಾರೆ. ಮೆತ್ತಗಿನ ಸೋಫಾದಲ್ಲಿ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ. ಅಲ್ಲಿಂದ ಏಳಲು ತೊಡೆಯ ಶಕ್ತಿ ಸಾಲದೆ, ಯಾರಾದರೂ ಕೈ ಹಿಡಿದು ಎಳೆಯುವವರೆಗೆ ಅಲ್ಲೇ ಕೂತಿರಬೇಕು. ಕುರ್ಚಿಯ ಎತ್ತರ ನೆಲದಿಂದ 17ರಿಂದ 19 ಅಂಗುಲ ಇರಲಿ, ಎರಡೂ ಕಡೆ ಗಟ್ಟಿ ಕೈಗಳಿರಲಿ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಬೆನ್ನು ಕಿಟಕಿಯ ಕಡೆಗಿದ್ದರೆ ಬೆಳಕು ಎದುರಿನವರ ಮುಖದ ಮೇಲೆ ಬೀಳುತ್ತದೆ, ತುಟಿ ನೋಡಿ ಮಾತು ಹಿಡಿಯಲು ಅನುಕೂಲ. ಶೌಚಾಲಯದ ದಾರಿ ಹತ್ತಿರವಿರಲಿ, ಫ್ಯಾನು ಅಥವಾ ಏಸಿಯ ಗಾಳಿ ನೇರ ಮೈಮೇಲೆ ಬೀಳದಿರಲಿ.

ಕುರ್ಚಿಯಿಂದ ಏಳಿಸುವುದನ್ನು ಮನೆಯ ಎಲ್ಲರಿಗೂ ಒಮ್ಮೆ ಮಾಡಿ ತೋರಿಸಿ:

1. ಸೊಂಟವನ್ನು ಕುರ್ಚಿಯ ಮುಂದಿನ ಅಂಚಿಗೆ ಸರಿಸಿಕೊಳ್ಳಲಿ.
2. ಪಾದಗಳು ಮೊಣಕಾಲಿಗಿಂತ ತುಸು ಹಿಂದೆ, ಸೊಂಟದಷ್ಟು ಅಗಲದಲ್ಲಿ ಊರಲಿ.
3. ಎರಡೂ ಅಂಗೈ ಕುರ್ಚಿಯ ಕೈಗಳ ಮೇಲಿರಲಿ. ವಾಕರ್ ಹಿಡಿದು ಎದ್ದರೆ ವಾಕರ್ ಸಮೇತ ಹಿಂದಕ್ಕೆ ಬೀಳುತ್ತಾರೆ.
4. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ. ಬಾಗದೆ ನೇರ ಮೇಲಕ್ಕೆ ಏಳಲು ಹೋದರೆ ಮತ್ತೆ ಕುಕ್ಕರಿಸುತ್ತಾರೆ.
5. ಒತ್ತಿ ಎದ್ದ ಮೇಲೆ ಹತ್ತು ಎಣಿಸುವವರೆಗೆ ನಿಂತಲ್ಲೇ ನಿಂತು, ತಲೆ ಸುತ್ತದಿದ್ದರೆ ಮಾತ್ರ ಹೆಜ್ಜೆ ಇಡಲಿ.

ಸಹಾಯ ಮಾಡುವವರು ಪಕ್ಕದಲ್ಲಿ ನಿಂತು ಒಂದು ಕೈ ಸೊಂಟದ ಹಿಂದೆ ಕೊಟ್ಟರೆ ಸಾಕು. ಕಂಕುಳಲ್ಲಿ ಕೈ ಹಾಕಿ ಎತ್ತುವುದು, ಮುಂಗೈ ಹಿಡಿದು ಜಗ್ಗುವುದು ಬೇಡವೇ ಬೇಡ. ಆ ವಯಸ್ಸಿನ ಭುಜದ ಕೀಲು ಸುಲಭವಾಗಿ ಜಾರುತ್ತದೆ, ಮುಂಗೈಯ ಚರ್ಮ ಕಾಗದದಂತೆ ಹರಿಯುತ್ತದೆ. ಉತ್ಸಾಹದ ಮೊಮ್ಮಕ್ಕಳು ಮಾಡುವ ತಪ್ಪು ಹೆಚ್ಚಾಗಿ ಇದೇ.

ಹತ್ತು ಎಣಿಸುವುದಕ್ಕೂ ಕಾರಣವಿದೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನ ಬಿಪಿ 10 ಇಳಿಯುವುದು ವಯಸ್ಸಾದವರಲ್ಲಿ ಸಾಮಾನ್ಯ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಹಾಸಿಗೆಯಿಂದ ಏಳುವಾಗಲಂತೂ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲಬೇಕು.

ಸರದಿ ಮತ್ತು ಪುಸ್ತಕ

ಎರಡು ದಿನದ ಹಗಲನ್ನು ಮೂರು ಮೂರು ಗಂಟೆಯ ಸರದಿಯಾಗಿ ಹಂಚಿ, ಪ್ರತಿ ಸರದಿಗೂ ಒಬ್ಬರ ಹೆಸರು ಬರೆದು ಗೋಡೆಗೆ ಅಂಟಿಸಿ. ‘ಎಲ್ಲರೂ ಸ್ವಲ್ಪ ನೋಡ್ಕೊಳ್ಳಿ’ ಎಂಬ ಮಾತು ಬೇಡ. ಸರದಿ ಬದಲಾಗುವಾಗ ‘ಈಗಿಂದ ನಾನು’ ಎಂದು ಬಾಯಿಬಿಟ್ಟು ಹೇಳಬೇಕು, ಬಿಟ್ಟುಹೋಗುವವರು ಅದನ್ನು ಕೇಳಿದ ಮೇಲೇ ಏಳಬೇಕು. ರಾತ್ರಿಗೂ ಒಂದು ಹೆಸರಿರಲಿ.

ಸರದಿಯಲ್ಲಿರುವವರ ಕೈಗೆ ಒಂದು ಸಣ್ಣ ನೋಟ್‌ಪುಸ್ತಕ ಕೊಡಿ. ಅದರಲ್ಲಿ ಉದ್ದುದ್ದ ಬರೆಯಬೇಕಿಲ್ಲ, ಇಷ್ಟು ಸಾಕು:

10.15 – ನೀರು ಒಂದು ಲೋಟ
10.40 – ಶೌಚ, ನಡೆದು ಹೋದರು, ಎದ್ದಾಗ ಸ್ವಲ್ಪ ತಲೆಸುತ್ತು
12.30 – ಊಟದ ಮೊದಲಿನ ಮಾತ್ರೆ ಕೊಟ್ಟಿದೆ
1.00 – ಊಟ ಅರ್ಧ, ನೀರು ಅರ್ಧ ಲೋಟ

ಮಾತ್ರೆ ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ಬರೆಯಬೇಕು, ಕೊಡುವ ಮೊದಲಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಟ್ಟು ಸರಿದೂಗಿಸುವಂತಿಲ್ಲ. ಕೊಟ್ಟಿದೆಯೋ ಇಲ್ಲವೋ ತಿಳಿಯದಿದ್ದರೆ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ.

ನೆಂಟರಿಗೆ ಯಾವ ಕೆಲಸ ಕೊಡಬಹುದು? ಜೊತೆಗೆ ಕೂರುವುದು, ಪೇಪರ್ ಓದಿ ಹೇಳುವುದು, ಉಗುರು ಕತ್ತರಿಸುವುದು (ಸಕ್ಕರೆ ಕಾಯಿಲೆಯವರ ಕಾಲುಗುರು ಬೇಡ, ಗೀರಿದರೆ ಬೇಗ ಮಾಯುವುದಿಲ್ಲ), ನೀರು ಕುಡಿಸುವುದು, ಹಳೆಯ ಫೋಟೊ ತೋರಿಸುವುದು. ಮಾತ್ರೆ, ಇನ್ಸುಲಿನ್, ಹಾಸಿಗೆಯಿಂದ ವೀಲ್‌ಚೇರಿಗೆ ದಾಟಿಸುವುದು, ನುಂಗಲು ತೊಂದರೆ ಇರುವವರಿಗೆ ತಿನ್ನಿಸುವುದು, ಇವು ಅಭ್ಯಾಸ ಇದ್ದವರ ಕೈಯಲ್ಲೇ ಇರಲಿ. ವರ್ಷವಿಡೀ ನೋಡಿಕೊಳ್ಳುವವರಿಗೆ ಈ ಎರಡು ದಿನದಲ್ಲಿ ಕನಿಷ್ಠ ಒಂದು ಸರದಿ ಪೂರ್ತಿ ಬಿಡುವು ಸಿಗಬೇಕು, ಅದನ್ನೂ ಗೋಡೆಯ ಪಟ್ಟಿಯಲ್ಲಿ ಬರೆಯಿರಿ. ಬರೆಯದಿದ್ದರೆ ಸಿಗುವುದಿಲ್ಲ.

‘ಈ ಮಾತ್ರೆ ನನಗೆ ತುಂಬ ಚೆನ್ನಾಗಿ ಹಿಡೀತು, ನೀವೂ ಒಂದು ತಗೊಳ್ಳಿ’ ಎಂದು ಯಾರಾದರೂ ಒಂದು ಪಟ್ಟಿ ತೆಗೆದೇ ತೆಗೆಯುತ್ತಾರೆ. ಕೈ ಹಿಡಿದು ತಡೆಯಿರಿ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್‌ನಂಥವು ವಯಸ್ಸಾದವರಲ್ಲಿ ಗೊಂದಲ ತರುತ್ತವೆ, ಮೂತ್ರ ಕಟ್ಟಿಸುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ; ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು.

ಮಾತುಕತೆಯ ಹೊತ್ತು

ಎಲ್ಲರೂ ಒಮ್ಮೆಲೇ ಸುತ್ತುಗಟ್ಟಬಾರದು. ಇಬ್ಬರು ಮೂವರು ಬಂದು, ಇಪ್ಪತ್ತು ಮೂವತ್ತು ನಿಮಿಷ ಕೂತು ಎದ್ದರೆ, ಆಮೇಲೆ ಇನ್ನಿಬ್ಬರು. ನಡುವೆ ಹತ್ತು ನಿಮಿಷ ಯಾರೂ ಇಲ್ಲದ ಬಿಡುವು. ಕುರ್ಚಿಯ ಎದುರಿಗೆ, ಮೂರು ಅಡಿಯೊಳಗೆ, ಅವರ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿ.

‘ನಾನ್ಯಾರು ಗೊತ್ತಾಯ್ತಾ? ಹೇಳಿ ನೋಡೋಣ’ ಎಂಬ ಪರೀಕ್ಷೆಯನ್ನು ದಯವಿಟ್ಟು ಯಾರೂ ಮಾಡಬೇಡಿ. ಹೆಸರು ನೆನಪಾಗದೆ ಹತ್ತು ಜನರ ಎದುರು ತಡವರಿಸುವ ಆ ಮುಖವನ್ನು ಒಮ್ಮೆ ಗಮನಿಸಿದವರು ಮತ್ತೆ ಹಾಗೆ ಕೇಳುವುದಿಲ್ಲ. ‘ಅಜ್ಜಿ, ನಾನು ನಿಮ್ಮ ಎರಡನೇ ಮಗಳ ಮಗ, ಓದು ಮುಗಿಸಿ ಬಂದಿದೀನಿ’ ಎಂದು ತಾನೇ ಹೇಳಿ ಮಾತು ಶುರು ಮಾಡಿದರೆ ಅವರಿಗೆ ಹಿಡಿಯಲು ಒಂದು ಎಳೆ ಸಿಗುತ್ತದೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ಹೊಸದಾಗಿ ಕೇಳಿದಂತೆ ಕೇಳಿ. ತೀರಿಹೋದವರನ್ನು ಇನ್ನೂ ಇದ್ದಾರೆಂಬಂತೆ ವಿಚಾರಿಸಿದರೆ ಸಾವಿನ ಸುದ್ದಿಯನ್ನು ಮತ್ತೊಮ್ಮೆ ಹೇಳಿ ಅಳಿಸಬೇಡಿ. ಆ ವ್ಯಕ್ತಿಯ ಬಗ್ಗೆ ಒಂದು ಹಳೆಯ ಮಾತು ಕೇಳಿ, ಅವರೇ ಮುಂದುವರಿಸುತ್ತಾರೆ.

ಕಿವಿಯ ಯಂತ್ರ ಹಾಕುವವರಿಗೆ ಗುಂಪಿನ ಗದ್ದಲ ನಿಜವಾದ ಹಿಂಸೆ. ಯಂತ್ರ ಮಾತನ್ನು ದೊಡ್ಡದು ಮಾಡುವಂತೆ ಪಾತ್ರೆಯ ಸದ್ದು, ಟಿವಿ, ಮಕ್ಕಳ ಕಿರುಚಾಟ ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಅವರು ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುವುದು ಇದರಿಂದಲೇ. ಟಿವಿ ಆರಿಸಿ, ಬೆನ್ನು ಗೋಡೆಗೆ ಬರುವಂತೆ ಕೂರಿಸಿ, ಒಬ್ಬೊಬ್ಬರೇ ಮಾತಾಡಿ. ಕಿರುಚಿದರೆ ಶಬ್ದ ಒಡೆಯುತ್ತದೆ, ಮಾಮೂಲಿ ದನಿಯಲ್ಲಿ ನಿಧಾನವಾಗಿ ಹೇಳಿ. ಅರ್ಥವಾಗದಿದ್ದರೆ ಅದೇ ಪದವನ್ನು ಮೂರು ಸಲ ಕೂಗದೆ ಬೇರೆ ಪದ ಬಳಸಿ. ಚಾರ್ಜ್ ಮಾಡುವ ಯಂತ್ರವನ್ನು ಶುಕ್ರವಾರ ರಾತ್ರಿ ಮರೆಯದೆ ಚಾರ್ಜಿಗೆ ಹಾಕಿ. ಗುಂಡಿಯಂಥ ಬ್ಯಾಟರಿಯಾದರೆ ಸ್ಟಿಕ್ಕರಿನ ಬಣ್ಣ ನೋಡಿ ತನ್ನಿ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು, ಈ ಬ್ಯಾಟರಿಗೆ ಗಾಳಿಯಿಂದಲೇ ಜೀವ. ಸಣ್ಣ ಮಕ್ಕಳು ನುಂಗಿದರೆ ಪ್ರಾಣಾಪಾಯ, ಹಳೆಯದನ್ನು ಎಲ್ಲೆಂದರಲ್ಲಿ ಇಡಬೇಡಿ.

ಸಾಕಾಯಿತು ಎಂದು ತಿಳಿಸಲು ಒಂದು ಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಿ. ಕನ್ನಡಕ ತೆಗೆದು ಒರೆಸಿದರೆ ಸರದಿಯವರು ಬಂದು ‘ಮಾತ್ರೆ ಹೊತ್ತಾಯ್ತು’ ಎಂದು ಒಳಗೆ ಕರೆದುಕೊಂಡು ಹೋಗುವುದು, ಹೀಗೆ ಏನಾದರೂ. ಯಾರಿಗೂ ಬೇಸರವಾಗದೆ ಅವರಿಗೆ ಬಿಡುಗಡೆ ಸಿಗುತ್ತದೆ.

ಊಟ

ನೆಂಟರ ಊಟ ಎರಡಾದರೂ ಮೂರಾದರೂ ಆಗಲಿ, ಹಿರಿಯರ ಊಟ ದಿನದ ಹೊತ್ತಿಗೇ ಆಗಬೇಕು. ಎಲ್ಲರ ಜೊತೆ ಕೂರುವ ಆಸೆಯಿದ್ದರೆ ಮೊದಲೇ ಉಂಡು, ಆಮೇಲೆ ಪಂಕ್ತಿಯಲ್ಲಿ ಒಂದು ತುತ್ತು ಸಿಹಿಗೆ ಜೊತೆಯಾಗಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾಗುವುದೇ ಈ ಎರಡು ದಿನದ ದೊಡ್ಡ ಕಂಟಕ. ಊಟಕ್ಕೆಂದು ಕೊಡುವ ಇನ್ಸುಲಿನ್ನನ್ನು ತಟ್ಟೆ ಕಣ್ಣೆದುರು ಬಂದ ಮೇಲೇ ಕೊಡಿ, ‘ಇನ್ನೇನು ಬಡಿಸ್ತಾರೆ’ ಎಂಬ ಭರವಸೆಯ ಮೇಲಲ್ಲ. ಬೆವರು, ನಡುಕ, ಸಿಟ್ಟು, ತೊದಲು, ಪೆಚ್ಚು ಮುಖ ಕಂಡರೆ ರಕ್ತದ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆಯಿದ್ದು ಎಚ್ಚರವಾಗಿದ್ದರೆ 15 ಗ್ರಾಂ ಸಕ್ಕರೆ ಕೊಡಿ: ಅಂದರೆ ನಾಲ್ಕು ಚಹಾ ಚಮಚ ಸಕ್ಕರೆ ಕದಡಿದ ನೀರು, ಇಲ್ಲವೇ ಅರ್ಧ ಲೋಟ ಸಿಹಿ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ ಮಾಡಿಸಿ. ಪ್ರಜ್ಞೆ ಮಂದವಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ತಿನ್ನುವಾಗ ಬೆನ್ನು ನೆಟ್ಟಗಿರಬೇಕು, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಸಣ್ಣ ತುತ್ತು, ನುಂಗಿದ ಮೇಲೇ ಇನ್ನೊಂದು. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಬೇಡಿ. ನಗಿಸುವುದೂ ಆಮೇಲೆ. ನುಂಗಿದ ಮೇಲೆ ದನಿ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಎಂದರೆ ಆಹಾರ ಶ್ವಾಸನಾಳದ ಕಡೆ ಹೋಗುತ್ತಿರಬಹುದು, ಅಲ್ಲಿಗೇ ನಿಲ್ಲಿಸಿ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ ದನಿಯೂ ಬರದೆ ಕತ್ತು ಹಿಡಿದುಕೊಂಡರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಜೋರಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲ್ಗಡೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ.

ಭರ್ಜರಿ ಊಟದ ನಂತರ ರಕ್ತ ಹೊಟ್ಟೆಯ ಕಡೆ ಹರಿದು ಬಿಪಿ ಇಳಿಯುತ್ತದೆ, ಎರಡು ಗಂಟೆಯವರೆಗೂ ಇರಬಹುದು. ಉಂಡ ತಕ್ಷಣ ಫೋಟೊಗೆಂದು ಎಬ್ಬಿಸಿ ನಿಲ್ಲಿಸಬೇಡಿ. ಫೋಟೊ ಬೆಳಿಗ್ಗೆಯೇ, ಮುಖ ಅರಳಿರುವಾಗಲೇ, ಕೂತಲ್ಲೇ ಮುಗಿಸಿ.

ನೀರು ಮತ್ತು ಶೌಚ

ಇವೆರಡನ್ನೂ ಒಟ್ಟಿಗೇ ಹೇಳಬೇಕು, ಏಕೆಂದರೆ ಹಿರಿಯರ ಮನಸ್ಸಿನಲ್ಲಿ ಇವು ಒಟ್ಟಿಗೇ ಇವೆ. ಜನರ ಎದುರು ಮತ್ತೆ ಮತ್ತೆ ಶೌಚಕ್ಕೆ ಕರೆದುಕೊಂಡು ಹೋಗಿ ಎನ್ನಲು ನಾಚಿಕೆಯಾಗಿ ಅವರು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ವಯಸ್ಸಾದಂತೆ ಬಾಯಾರಿಕೆಯೂ ಮಂದವಾಗಿರುತ್ತದೆ. ಸಂಜೆಗೆ ನಾಲಗೆ ಒಣಗಿ, ಮೂತ್ರ ಗಾಢ ಹಳದಿಯಾಗಿ, ಮಾತು ಅಡ್ಡಾದಿಡ್ಡಿಯಾದಾಗ ಮನೆಯವರು ‘ಖುಷಿಯಲ್ಲಿ ಸುಸ್ತಾಗಿದ್ದಾರೆ’ ಅಂದುಕೊಳ್ಳುತ್ತಾರೆ. 150 ಮಿಲಿಲೀಟರಿನ ಸಣ್ಣ ಲೋಟದಲ್ಲಿ ದಿನಕ್ಕೆ ಹತ್ತು ಸಲ ಕೊಟ್ಟರೆ ಒಂದೂವರೆ ಲೀಟರ್ ಆಗುತ್ತದೆ. ದೊಡ್ಡ ಲೋಟ ಕಂಡರೆ ಬೇಡ ಅನ್ನುತ್ತಾರೆ, ಸಣ್ಣದನ್ನು ಮುಗಿಸುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ಡಾಕ್ಟರು ನೀರಿನ ಮಿತಿ ಹಾಕಿದ್ದರೆ ಆ ಅಳತೆಯೇ ಅಂತಿಮ. ಸಂಜೆ ಆರರ ನಂತರ ಕಡಿಮೆ ಮಾಡಿದರೆ ರಾತ್ರಿ ಏಳುವುದು ತಗ್ಗುತ್ತದೆ.

ಶೌಚಕ್ಕೆ ಎರಡು ಗಂಟೆಗೊಮ್ಮೆ ಸರದಿಯವರೇ ಕರೆಯಬೇಕು, ಅವರು ಕೇಳುವವರೆಗೆ ಕಾಯಬಾರದು. ‘ಬಾತ್‌ರೂಮ್‌ಗೆ ಹೋಗ್ಬೇಕಾ?’ ಎಂದು ಹಾಲಿನ ಆ ಕಡೆಯಿಂದ ಕೂಗದೆ, ಹತ್ತಿರ ಬಂದು ‘ಬನ್ನಿ, ಸ್ವಲ್ಪ ಕಾಲಾಡಿಸಿ ಬರೋಣ’ ಎಂದರೆ ಅವರಿಗೂ ಅರ್ಥವಾಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಒಂದು ಚೀಲದಲ್ಲಿ ಎರಡು ಡೈಪರ್, ಒದ್ದೆ ಒರೆಸುಬಟ್ಟೆ, ಗ್ಲೌಸ್, ಮುಚ್ಚುವ ಪ್ಲಾಸ್ಟಿಕ್ ಚೀಲ, ಒಂದು ಜೊತೆ ಬಟ್ಟೆ ಇಟ್ಟು ಬಚ್ಚಲಲ್ಲೇ ಸಿದ್ಧವಾಗಿಡಿ. ಮೂತ್ರದ ಚೀಲ ಇದ್ದವರಿಗೆ, ಚೀಲ ಮೂರರಲ್ಲಿ ಎರಡು ಪಾಲು ತುಂಬುವ ಮೊದಲೇ ಖಾಲಿ ಮಾಡಿ. ಅದು ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಕುರ್ಚಿಯ ಬದಿಗೆ ಒಂದು ಬಟ್ಟೆಯ ಚೀಲ ಕಟ್ಟಿ ಅದರೊಳಗಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊರಗೆ ಕರೆದೊಯ್ಯುವುದಾದರೆ

ಹೋಗುವ ಜಾಗಕ್ಕೆ ಮೊದಲೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಎಷ್ಟು ಮೆಟ್ಟಿಲು, ಶೌಚಾಲಯ ಅದೇ ಅಂತಸ್ತಿನಲ್ಲಿದೆಯೇ, ಅದರ ಬಾಗಿಲು ಎಷ್ಟು ಅಗಲ. ಸಾಮಾನ್ಯ ವೀಲ್‌ಚೇರ್ ಸುಮಾರು 25 ಅಂಗುಲ ಅಗಲವಿರುತ್ತದೆ, ಸಲೀಸಾಗಿ ನುಗ್ಗಲು 32 ಅಂಗುಲದ ಬಾಗಿಲು ಬೇಕು. ಇಳಿಜಾರು ಹಲಗೆಗೆ ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದ ಎಂಬ ಲೆಕ್ಕ. ಎರಡು ಮೆಟ್ಟಿಲು ಸೇರಿ ಒಂದಡಿ ಎತ್ತರವಿದ್ದರೆ ಹನ್ನೆರಡು ಅಡಿಯ ಹಲಗೆ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿಯೇ ಇಳಿಸಿ, ಮುಮ್ಮುಖವಾಗಿ ಇಳಿಸಿದರೆ ಕೂತವರು ಮುಂದಕ್ಕೆ ಜಾರುತ್ತಾರೆ. ಕುರ್ಚಿಯಿಂದ ಇಳಿಸುವಾಗ ಬ್ರೇಕ್ ಹಾಕಿ, ಕಾಲಿಡುವ ಹಲಗೆಗಳನ್ನು ಮಡಚಿದ ಮೇಲೇ ಎಬ್ಬಿಸಿ. ಆ ಹಲಗೆಯ ಮೇಲೆ ಭಾರ ಬಿಟ್ಟು ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ.

ಕಾರಿನಲ್ಲಿ ಮುಂದಿನ ಸೀಟು ಒಳ್ಳೆಯದು. ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಬೆನ್ನು ಸೀಟಿನ ಕಡೆ ಮಾಡಿ ಮೊದಲು ಸೊಂಟ ಇಳಿಸಲಿ, ತಲೆ ತಗ್ಗಿಸಲಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಲಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿದರೆ ತಿರುಗುವುದು ಹಗುರ. ಹೊರಡುವ ಮೊದಲು ಅದನ್ನು ಎಳೆದು ತೆಗೆಯಿರಿ, ಇಲ್ಲವಾದರೆ ಬ್ರೇಕ್ ಹಾಕಿದಾಗ ಜಾರುತ್ತಾರೆ. ತೆರೆದ ಬಾಗಿಲನ್ನು ಆಸರೆಗೆ ಹಿಡಿಯಬಾರದು, ಅದು ಅಲುಗುತ್ತದೆ.

ಮೆಟ್ಟಿಲಿನಲ್ಲಿ ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು, ತುದಿಯ ರಬ್ಬರು ಸವೆದಿದೆಯೇ ನೋಡಿಕೊಳ್ಳಿ. ಎರಡು ಗಂಟೆ ಮೀರದಂತೆ ವಾಪಸ್ ಹೊರಡಿ. ದಣಿದ ಮೇಲೆ ಹೊರಟರೆ ಕಾರು ಹತ್ತಿಸುವುದೇ ಕಷ್ಟವಾಗುತ್ತದೆ.

ಸಂಜೆ ಮತ್ತು ರಾತ್ರಿ

ಮರೆವಿನ ಕಾಯಿಲೆಯವರಿಗೆ ಹೊತ್ತು ಮುಳುಗುವ ವೇಳೆ ಚಡಪಡಿಕೆ ಹೆಚ್ಚುತ್ತದೆ. ‘ಮನೆಗೆ ಹೋಗಬೇಕು’ ಎನ್ನುತ್ತಾರೆ, ಮನೆಯಲ್ಲಿದ್ದುಕೊಂಡೇ. ವಾದ ಮಾಡಬೇಡಿ. ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕಿ, ದನಿಗಳನ್ನು ತಗ್ಗಿಸಿ, ಪರಿಚಯದ ಒಂದೇ ಮುಖ ಜೊತೆಗಿರಲಿ. ನೆಂಟರ ಓಡಾಟದಲ್ಲಿ ಮುಂಬಾಗಿಲು ತೆರೆದೇ ಇರುತ್ತದೆ. ಎದ್ದು ಹೊರಗೆ ನಡೆದುಬಿಡುವ ಅಭ್ಯಾಸದವರಿದ್ದರೆ ಬಾಗಿಲಿಗೆ ಒಂದು ಗಂಟೆ ಕಟ್ಟಿ.

ಗೊಂದಲ ಕೆಲವೇ ಗಂಟೆಗಳಲ್ಲಿ ಹೊಸದಾಗಿ ಶುರುವಾದರೆ ಅದನ್ನು ಮರೆವಿನ ಲೆಕ್ಕಕ್ಕೆ ಸೇರಿಸಬೇಡಿ. ನಿನ್ನೆ ಸರಿಯಿದ್ದವರು ಇಂದು ಇಲ್ಲದ್ದನ್ನು ಕಾಣುವುದು, ಮಾತಿನ ಮಧ್ಯೆ ತೂಕಡಿಸುವುದು, ಒಂದು ಹೊತ್ತು ಸರಿ ಒಂದು ಹೊತ್ತು ಗೊಂದಲ, ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಮೂತ್ರ ಕಟ್ಟಿರುವುದು, ಹೊಸ ಮಾತ್ರೆ, ನಿದ್ದೆಗೇಡು, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು. ನೋಟ್‌ಪುಸ್ತಕ ಜೊತೆಗೆ ಒಯ್ಯಿರಿ, ಅಲ್ಲಿ ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತದೆ.

ಬಿದ್ದರೆ

ತಕ್ಷಣ ಎತ್ತಬೇಡಿ. ಹತ್ತು ಕೈ ಒಮ್ಮೆಲೇ ಮುಂದೆ ಬರುತ್ತವೆ, ಸರದಿಯವರು ಎಲ್ಲರನ್ನೂ ತಡೆದು ತಾವೊಬ್ಬರೇ ನೆಲದ ಮೇಲೆ ಕೂತು ಮಾತಾಡಿಸಲಿ. ತಲೆಗೆ ಪೆಟ್ಟಾಯಿತೇ, ಎಲ್ಲಿ ನೋವು, ಕೈಕಾಲು ಆಡಿಸಲಾಗುತ್ತದೆಯೇ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಕದಲಿಸದೆ ಹೊದಿಕೆ ಹೊದಿಸಿ ಆಂಬುಲೆನ್ಸ್ ಕರೆಯಿರಿ. ವಾರ್ಫರಿನ್, ಅಪಿಕ್ಸಬಾನ್, ರಿವರೊಕ್ಸಬಾನ್, ಕ್ಲೋಪಿಡೊಗ್ರೆಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ನಗುತ್ತ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಯೊಳಗಿನ ರಕ್ತಸ್ರಾವ ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ನೋವಿಲ್ಲದಿದ್ದರೆ ಅವರೇ ಏಳಲಿ: ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಎದುರಿಗಿಟ್ಟ ಗಟ್ಟಿ ಕುರ್ಚಿಯ ಮೇಲೆ ಕೈಯಿಟ್ಟು, ಬಲವಾದ ಕಾಲನ್ನು ಮುಂದೂರಿ ಎದ್ದು, ಹಿಂದೆ ಇನ್ನೊಬ್ಬರು ತಂದಿಟ್ಟ ಕುರ್ಚಿಯಲ್ಲಿ ಕೂರಲಿ.

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಎತ್ತಿದ ಕೈ ಜಾರುವುದು, ಮಾತು ತೊದಲುವುದು ಕಂಡರೆ ಪಾರ್ಶ್ವವಾಯು ಎಂದೇ ಹೊರಡಿ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡುತ್ತಾರೆ. ನೀರು, ಆಸ್ಪಿರಿನ್ ಏನನ್ನೂ ಬಾಯಿಗೆ ಹಾಕಬೇಡಿ.

ನೆಂಟರು ಹೊರಟ ಮೇಲೆ

ಭಾನುವಾರ ಸಂಜೆ ಎಲ್ಲರೂ ಒಟ್ಟಿಗೆ ಎದ್ದು ಹೋದರೆ ಮನೆ ಒಮ್ಮೆಲೇ ಬರಿದಾಗುತ್ತದೆ, ಹಿರಿಯರ ಮುಖವೂ. ಒಬ್ಬರು ಒಂದು ಗಂಟೆ ತಡವಾಗಿ ಹೊರಡುವಂತೆ ಮೊದಲೇ ಮಾತಾಡಿಕೊಳ್ಳಿ. ಅಷ್ಟರಲ್ಲಿ ಮನೆಯವರು ಮಾತ್ರೆ ಡಬ್ಬಿಯ ಮನೆಗಳನ್ನು ನೋಟ್‌ಪುಸ್ತಕದ ಜೊತೆ ತಾಳೆ ನೋಡಿ, ಮಂಚದ ಕೆಳಗೆ, ಕುರ್ಚಿಯ ಸಂದಿಯಲ್ಲಿ ಉದುರಿದ ಮಾತ್ರೆ ಇದೆಯೇ ಹುಡುಕಲಿ.

ರಾತ್ರಿ ಬಟ್ಟೆ ಬದಲಿಸುವಾಗ ಬೆನ್ನಿನ ಕೆಳಗಿನ ತ್ರಿಕಾಸ್ಥಿ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಒತ್ತುಹುಣ್ಣಿನ ಶುರು. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದು, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಮುಟ್ಟಿ ನೋಡಿ. ಅಂಥ ಜಾಗದ ಮೇಲೆ ಭಾರ ಬೀಳದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಉಜ್ಜಬೇಡಿ.

ಸೋಮವಾರ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಆಸರೆ ಕೊಟ್ಟು ಬಿಪಿ ನೋಡಿ. ಮಲವಿಸರ್ಜನೆ ಆಗಿ ಎಷ್ಟು ದಿನವಾಯಿತೆಂದು ಪುಸ್ತಕದಲ್ಲಿ ನೋಡಿ, ಮೂರು ದಿನ ಕಳೆದಿದ್ದರೆ ಡಾಕ್ಟರಿಗೆ ತಿಳಿಸಿ. ಕೆಮ್ಮು, ಹಸಿವಿಲ್ಲದಿರುವುದು, ಮಂಕು ಇವುಗಳ ಮೇಲೆ ಗುರುವಾರದವರೆಗೂ ಕಣ್ಣಿರಲಿ. ನಾಳೆಯೋ ನಾಡಿದ್ದೋ, ಬಂದವರಲ್ಲಿ ಇಬ್ಬರು ಫೋನ್ ಮಾಡಿ ಹಿರಿಯರ ಜೊತೆಯೇ ಮಾತಾಡುವಂತೆ ಹೇಳಿಡಿ. ಕರೆ ಬರುವ ಹೊತ್ತಿಗೆ ಕಿವಿಯ ಯಂತ್ರ ಕಿವಿಯಲ್ಲಿರಲಿ.